ಜವರಯ್ಯನ ಜೆಕ್ ರೆಕಾರ್ಡು

ಹೆಣ ಕುರ್ಚಿಯಲ್ಲೇ ಕೂತಿತ್ತು. ಮುಖದ ಮೇಲೆ ಅವನದೇ ಟವೆಲ್ಲು. ಎತ್ತಿದರೆ ಮೂಗಿನಿಂದ ರಕ್ತ ಇಳಿದು ಮೀಸೆಯಲ್ಲಿ ಹೆಪ್ಪುಗಟ್ಟಿತ್ತು. ಯಾರೋ ಉಸಿರು ಕಟ್ಟಿಸಿ ಕೊಂದಿದ್ದರು. ಪಕ್ಕದ ಮೇಜಿನ ಮೇಲೆ ರೆಕಾರ್ಡ್ ಪ್ಲೇಯರ್. ತಟ್ಟೆ ನಿಂತಿತ್ತು. ಮುಳ್ಳು ತಟ್ಟೆಯ ಕಟ್ಟಕಡೆಯ ಗೆರೆಗೆ ಬಂದು ಕೂತಿತ್ತು.

ಇದನ್ನೆಲ್ಲ ನೋಡಿದ್ದು ಲಾಟೀನಿನ ಬೆಳಕಿನಲ್ಲಿ. ಅದನ್ನು ಹಿಡಿದು ನಿಂತಿದ್ದವನು ನಾನು. ಪೇದೆಯ ಕೆಲಸ ಅಂದರೆ ಅಷ್ಟೇ ತಾನೆ, ಸಾಹೇಬರು ನೋಡಲಿ ಅಂತ ಬೆಳಕು ಹಿಡಿಯುವುದು. 1996ರ ಬೇಸಿಗೆ. ಬೀಚನಹಳ್ಳಿಯಲ್ಲಿ ಅಣೆಕಟ್ಟಿನ ಪಕ್ಕಕ್ಕೇ ನೀರಾವರಿ ಇಲಾಖೆಯ ಕ್ವಾರ್ಟರ್ಸು. ಕಣ್ಣೆದುರಿಗೆ ಅಷ್ಟು ನೀರು, ಕರೆಂಟು ಮಾತ್ರ ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಅನ್ನುವುದು ಆ ಶಿವನಿಗೂ ಗೊತ್ತಿರಲಿಲ್ಲ.

ಸತ್ತವನು ಜವರಯ್ಯ. ಅಣೆಕಟ್ಟಿನ ಗೇಟು ಎತ್ತಿ ಇಳಿಸುವ ಆಪರೇಟರ್. ತಿಂಗಳ ಕೊನೆಗೆ ರಿಟೈರಾಗಬೇಕಿದ್ದವನು. ಹಿಂದೊಮ್ಮೆ ಕ್ರೇನು ಕೂರಿಸಲು ಬಂದಿದ್ದ ಜೆಕ್ ಎಂಜಿನಿಯರೊಬ್ಬ ಊರಿಗೆ ಹೊರಟಾಗ ಈ ಪ್ಲೇಯರನ್ನೂ ಒಂದು ಪೆಟ್ಟಿಗೆ ರೆಕಾರ್ಡನ್ನೂ ಇವನಿಗೆ ಕೊಟ್ಟು ಹೋಗಿದ್ದನಂತೆ. ಎಲ್ಲವೂ ಆ ದೇಶದ ದ್ವೊರ್ಝಾಕ್ ಅನ್ನುವ ಸಂಗೀತಗಾರನವು. ಹಾಡುವವರಿಲ್ಲ, ಮಾತಿಲ್ಲ, ನೂರು ಜನ ಒಟ್ಟಿಗೆ ಕೂತು ವಾದ್ಯ ನುಡಿಸುವುದು. ಕೆಲವುಗಳಲ್ಲಿ ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೊ ಒಂದೇ ಮುಂದೆ ಬಂದು ಅಳುತ್ತದೆ, ಉಳಿದವೆಲ್ಲ ಹಿಂದೆ ನಿಂತು ಸಮಾಧಾನ ಮಾಡುತ್ತವೆ. ಜವರಯ್ಯ ಸಿಕ್ಕವರಿಗೆಲ್ಲ ಹಾಗೆ ವಿವರಿಸುತ್ತಿದ್ದನಂತೆ. ಸಂಜೆ ಅವನು ಬಾಗಿಲು ಹಾಕಿಕೊಂಡು ರೆಕಾರ್ಡು ಹಚ್ಚಿದನೆಂದರೆ ಅದು ಮುಗಿಯುವ ತನಕ ಹೆಂಡತಿಯೂ ಒಳಗೆ ಕಾಲಿಡುವಂತಿರಲಿಲ್ಲ.

ಅವತ್ತೂ ಹಾಗೇ ಆಯಿತು. ಹೆಂಡತಿ ದೊಡ್ಡತಾಯಮ್ಮ ಜಗುಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಒಳಗೆ ಚೆಲ್ಲೊ ಅಳುತ್ತಿತ್ತು. ಮುಗಿದ ಮೇಲೆ ಬಾಗಿಲು ಬಡಿದಳು, ಸದ್ದಿಲ್ಲ. ಟೀ ಅಂಗಡಿಯಲ್ಲಿ ಕೇರಂ ಆಡುತ್ತಿದ್ದ ಮಗ ಶಶಿಕುಮಾರನನ್ನು ಕೂಗಿ ಕರೆಸಿದಳು. ಅವನು ಹಿತ್ತಿಲ ಬಾಗಿಲಿಂದ ನುಗ್ಗಿ, ಒಳಗಿನಿಂದ ಮುಂಬಾಗಿಲು ತೆಗೆದು, ಅಪ್ಪ ಓಗ್ಬುಡ್ತು ಅಂತ ಕುಸಿದು ಕೂತ.

ನಮ್ಮ ಸಬ್ ಇನ್‌ಸ್ಪೆಕ್ಟರ್ ಉಮಾಶಂಕರ ಸಾಹೇಬರ ಕಾಲು ಹಿಡಿದುಕೊಂಡಳು ಆ ತಾಯಿ.

"ಕೊಂದೋನ್ನ ಇಡೀರಿ ಸಾಮಿ. ನಂಗಿನ್ನು ಉಳ್ದಿರೋದು ಇವನೊಬ್ನೆ. ಇವನ್ಗೂ ಏನಾರ ಆದ್ರೆ ನಾ ಬದ್ಕಾಕಿಲ್ಲ."

* * *

ಲೆಕ್ಕ ಸಲೀಸಾಗಿತ್ತು. ಸಂಗೀತ ಕೇಳುತ್ತಿದ್ದಷ್ಟು ಹೊತ್ತು ಜವರಯ್ಯ ಬದುಕಿದ್ದ. ಅಷ್ಟು ಹೊತ್ತೂ ಮಗ ಊರವರ ಕಣ್ಣೆದುರಿಗೇ ಕೇರಂ ಹೊಡೆಯುತ್ತಿದ್ದ. ಹಾಗಾದರೆ ಬೇರೆ ಯಾರು?

ಚಲುವಯ್ಯ ಸಿಕ್ಕಿಬಿದ್ದ. ನಾಲೆ ಬಯಲಿನ ರೈತ. ಗೇಟು ಎತ್ತಲಿಲ್ಲವೆಂದು ಹಿಂದಿನ ವಾರವಷ್ಟೇ ಜವರಯ್ಯನ ಕೊರಳಪಟ್ಟಿ ಹಿಡಿದಿದ್ದವನು. ಕೊಲೆಯ ಸಂಜೆ ಕ್ವಾರ್ಟರ್ಸಿನ ಹಿಂದಿನಿಂದ ಸರಸರನೆ ಹೋದದ್ದನ್ನು ಕಂಡವರಿದ್ದರು. ಠಾಣೆಗೆ ತಂದು ನಮ್ಮವರು ಅಂಗಾಲಿಗೆ ಕೊಟ್ಟರು. ನೀರು ಕೇಳೋಕೆ ಹೋಗಿದ್ದೆ, ಒಳಗೆ ಸಂಗೀತ ಬರುತ್ತಿತ್ತು, ಬಾಗಿಲು ಬಡಿದರೆ ಬೈಸಿಕೊಳ್ಳಬೇಕಲ್ಲ ಅಂತ ವಾಪಸು ಬಂದೆ ಅಂದ. ಎಷ್ಟು ಹೊಡೆದರೂ ಅದನ್ನೇ ಅಂದ. ಆಮೇಲೆ ಅನ್ನುವುದನ್ನೂ ಬಿಟ್ಟ.

ಸಾಹೇಬರಿಗೆ ಅದರಿಂದ ಸಮಾಧಾನವಾಗಲಿಲ್ಲ. ಸುಳ್ಳು ಹೇಳುವವನು ಏಟು ಬಿದ್ದಂತೆಲ್ಲ ಕಥೆ ಬದಲಾಯಿಸುತ್ತಾನೆ ಕಣಯ್ಯ ಅಂದರು. ನನ್ನನ್ನು ಜೀಪು ಹತ್ತಿಸಿಕೊಂಡು ಮತ್ತೆ ಬೀಚನಹಳ್ಳಿಗೆ ಹೊರಟರು.

* * *

ಅದೇ ಕೋಣೆ, ಸಂಜೆಯ ಹೊತ್ತು. ಸಾಹೇಬರು ಅದೇ ರೆಕಾರ್ಡು ಹಚ್ಚಿ ಕೂತರು. ನನಗೋ ಆ ಸಂಗೀತದ ತಲೆ ಬುಡ ತಿಳಿಯಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ತಟ್ಟೆ ನಿಧಾನವಾಯಿತು. ಚೆಲ್ಲೊ ಗೊರ ಗೊರ ಅಂತ ನರಳಿ ನಿಂತುಹೋಯಿತು. ಸಾಹೇಬರು ಬೆಂಕಿಕಡ್ಡಿ ಗೀರಿ ನೋಡಿದರು. ಮುಳ್ಳು ತಟ್ಟೆಯ ಅರ್ಧಕ್ಕೇ ನಿಂತಿತ್ತು. ಕಡ್ಡಿ ಬೆರಳು ಸುಡುವ ತನಕ ನೋಡುತ್ತಲೇ ಇದ್ದರು. ಆಮೇಲೆ ಜಗುಲಿಗೆ ಹೋಗಿ ದೊಡ್ಡತಾಯಮ್ಮನ ಪಕ್ಕ ಕೂತರು.

"ಅವತ್ತು ಸಂಜೆ ಕರೆಂಟು ಹೋಗಿತ್ತಾ ಅಮ್ಮ?"

"ಓಗಿತ್ತು ಸಾಮಿ. ಬೀಜ ಕಾಣ್ದೆ ಉಣ್ಸೆಅಣ್ಣು ಪಕ್ಕಕ್ಕಿಟ್ಟೆ."

"ಆಗ ಒಳಗಡೆ ಸಂಗೀತ?"

"ಅದು ನಿಲ್ನಿಲ್ಲ. ಕತ್ಲಲ್ಲೇ ಕೂತು ಪೂರ್ತಿ ಕೇಳ್ದೆ."

"ಕರೆಂಟು ಮತ್ತೆ ಬಂದದ್ದು?"

"ನೀವೆಲ್ಲ ಬಂದು ಓದ ಮ್ಯಾಕೆ."

ಹೇಳಿ ಮುಗಿಸಿದಳು. ಸಾಹೇಬರ ಮುಖ ನೋಡಿದಳು. ಅವಳಿಗೆ ಆಗಲೇ ಎಲ್ಲ ಅರ್ಥವಾಯಿತೋ ಏನೋ, ಸೆರಗು ಬಾಯಿಗೆ ಒತ್ತಿಕೊಂಡಳು.

* * *

ಶಶಿಕುಮಾರನ ಟೇಪ್ ರೆಕಾರ್ಡರ್ ಗೂಡಿನಲ್ಲೇ ಇತ್ತು, ಯಾವಾಗಲೂ ಇರುತ್ತಿದ್ದ ಜಾಗದಲ್ಲೇ. ಅದಕ್ಕೇ ಯಾರೂ ಅದರ ಕಡೆ ನೋಡಿರಲಿಲ್ಲ. ಹತ್ತಿರದ ಪಟ್ಟಣ ಕೋಟೆಯಲ್ಲಿನ ಕ್ಯಾಸೆಟ್ ಅಂಗಡಿಯವನು ಹುಡುಗನ ಗುರುತು ಹಿಡಿದ. ಇಂಗ್ಲಿಷ್ ರೆಕಾರ್ಡೊಂದನ್ನು ತಂದು ಕ್ಯಾಸೆಟ್ಟಿಗೆ ತುಂಬಿಸಿಕೊಂಡು ಹೋಗಿದ್ದನಂತೆ.

ಸಾಹೇಬರು ಅವನನ್ನು ಎದುರಿಗೆ ಕೂರಿಸಿಕೊಂಡು ದನಿ ಎತ್ತದೆ ಹೇಳುತ್ತಾ ಹೋದರು. ಅಪ್ಪ ಬಾಗಿಲು ಹಾಕಿಕೊಂಡ ಕೂಡಲೇ ನೀನು ಹಿತ್ತಿಲಿಂದ ಬಂದೆ. ಟವೆಲ್ಲು ಒತ್ತಿದೆ. ರೆಕಾರ್ಡು ಕೇಳಿ ಮುಗಿಸಿದಂತೆ ಕಾಣಲಿ ಅಂತ ಮುಳ್ಳನ್ನು ಕೊನೆಗೆ ಎಳೆದಿಟ್ಟೆ. ಕ್ಯಾಸೆಟ್ ಹಚ್ಚಿ ಕೇರಂ ಆಡಲು ಹೋದೆ. ಅಮ್ಮ ಕೂಗಿದಾಗ ಮೊದಲು ಒಳಗೆ ಬಂದವನೂ ನೀನೇ, ಟೇಪನ್ನು ಗೂಡಿಗೆ ಸೇರಿಸಿದೆ. ಆದರೆ ನಡುವೆ ಕರೆಂಟು ಹೋಯಿತು. ಕರೆಂಟಿಲ್ಲದೆ ಆ ಮುಳ್ಳು ಕೊನೆ ಮುಟ್ಟಿದ್ದು ಹೇಗೆ? ಸಂಗೀತ ಬಂದದ್ದು ಎಲ್ಲಿಂದ?

ನಮ್ಮ ಕಡೆ ಕರೆಂಟನ್ನು ನಂಬಿ ಯಾರೂ ಟೇಪ್ ಹಚ್ಚುವುದಿಲ್ಲ, ಸೆಲ್ಲು ಹಾಕಿಯೇ ಇಟ್ಟಿರುತ್ತಾರೆ. ಅವನೂ ಹಾಗೇ ಮಾಡಿದ. ವೈರು ಚುಚ್ಚಿದ್ದಿದ್ದರೆ ಅದೂ ಕರೆಂಟಿನ ಜತೆಗೇ ನಿಂತಿರೋದು. ಹಾಳು ಅಭ್ಯಾಸ.

ಶಶಿಕುಮಾರ ವಾದ ಮಾಡಲಿಲ್ಲ.

"ರಿಟೈರಾದ ಮ್ಯಾಕೆ ಸತ್ರೆ ನಂಗೇನೂ ಸಿಕ್ಕಾಕಿಲ್ಲ ಸಾ. ಸರ್ವೀಸಲ್ಲಿದ್ದು ಸತ್ರೆ ಮಗನ್ಗೆ ಕೆಲ್ಸ. ಅಪ್ಪಂಗೆ ಎದೆನೋವಿತ್ತು. ತಾನಾಗೇ ಓಯ್ತದೆ ಅಂತ ವರ್ಸದಿಂದ ಕಾದೆ. ಓಗ್ನಿಲ್ಲ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

* * *

ದೊಡ್ಡತಾಯಮ್ಮನ ಹೇಳಿಕೆ ಬರೆದು ಓದಿ ಹೇಳಿದೆವು. ಅವಳು ಹೆಬ್ಬೆರಳು ಕೊಡಲಿಲ್ಲ.

"ಅವತ್ತು ಕರೆಂಟಿತ್ತು ಅಂತ ಬರ್ಕಳಿ ಸಾಮಿ. ನಾ ಮುದ್ಕಿ, ನಂಗೆ ನೆಪ್ಪಿಲ್ಲ ಅನ್ನಿ."

ಸಾಹೇಬರು, ಹಾಗೆ ಬರೆದರೆ ಚಲುವಯ್ಯ ಜೈಲಿಗೆ ಹೋಗುತ್ತಾನಮ್ಮ, ಅವನಿಗೂ ತಾಯಿ ಇದ್ದಾಳೆ ಅಂದರು. ಆ ತಾಯಿ ಠಾಣೆಯ ಬೇವಿನ ಮರದ ಕೆಳಗೇ ಕೂತಿದ್ದಳು, ಕಿಟಕಿಯಿಂದ ಕಾಣುತ್ತಿದ್ದಳು. ದೊಡ್ಡತಾಯಮ್ಮ ಅವಳನ್ನು ನೋಡಿದಳು. ನೋಡುತ್ತಲೇ ಕೈ ಚಾಚಿದಳು. ಮಸಿ ಹಚ್ಚಿದವನು ನಾನು.

ಒತ್ತಿದ ಮೇಲೆ ಅವಳು ಎದ್ದು ಹೋಗಲಿಲ್ಲ. ಮನೆಗೆ ಹೋಗಿ ಇನ್ನು ಯಾರಿಗೆ ಬೇಯಿಸಲಿ ಅಂತ ನನ್ನನ್ನೇ ಕೇಳಿದಳು.