ಪಾಳು ಕೊಟ್ಟಿಗೆಯ ಕ್ಷೌರ

ಆ ಸಂಜೆ ಮೆಲ್ಫಿ ಪಟ್ಟಣದ ಪ್ರಭು ನನ್ನನ್ನು ಬಾಡಿಗೆ ಸೈನಿಕನಾಗಿ ಸೇರಿಸಿಕೊಳ್ಳದಿದ್ದರೆ ನನಗೂ ಕುದುರೆಗೂ ಉಪವಾಸವೇ ಗತಿ. ತಲೆಯ ಹಿಂಭಾಗ ಬೋಳಿಸದೆ ನಾವು ನಾರ್ಮನ್ನರು ಕೆಲಸ ಕೇಳಲು ಹೋಗುವುದಿಲ್ಲ. ಹಾಗಾಗಿ ಉರಿಬಿಸಿಲಿನ ಮಧ್ಯಾಹ್ನ, ದಾರಿಬದಿಯ ಪಾಳು ಕೊಟ್ಟಿಗೆಯಲ್ಲಿ ಗೆಳೆಯ ಓಸ್ಮಂಡ ಬೋಳಿಸಲೆಂದು ಕತ್ತು ಬಗ್ಗಿಸಿ ಕೂತೆ. ಕ್ಷೌರದ ಕತ್ತಿ ಸದ್ದಿಲ್ಲದೆ ಆಡತೊಡಗಿತು.

"ಲೋ ಓಸ್ಮಂಡ, ನಿನ್ ಬೆರಳು ಮಂಜುಗಡ್ಡೆ ಹಂಗಿದ್ಯಲ್ಲೋ! ಮಾತಾಡೋ, ನಾಲಿಗೇನೂ ಹೆಪ್ಪುಗಟ್ತಾ?"

ಓಸ್ಮಂಡ ಬಾಗಿಲಿನಿಂದ ಒಳಗೆ ಬಂದ. "ಬಾವಿ ಹತ್ರ ಕತ್ತಿ ಮಸೀತಿದ್ದೆ ಕಣೋ. ಅಷ್ಟರಲ್ಲಿ ಯಾವನ ಹತ್ರ ಬೋಳಿಸ್ಕೊಂಡೆ? ನನಗಿಂತ ನುಣ್ಣಗೆ ಮಾಡಿದಾನೆ!"

ನನ್ನ ಹಿಂದೆ ಯಾರೂ ಇರಲಿಲ್ಲ. ನೆಲದ ಮೇಲೆ ಕೂದಲೂ ಇರಲಿಲ್ಲ. ನಾನು ಓಡಿದೆ, ಓಸ್ಮಂಡ ಮಾತ್ರ, "ತಡಿಯೋ, ಪುಕ್ಕಟೆ ಅಂದ್ರೆ ನಾನೂ ಕೂರ್ತೀನಿ" ಎಂದ.

ಪ್ರಭು ಇಬ್ಬರನ್ನೂ ಸೇರಿಸಿಕೊಂಡ. ಈಗ ಮುದುಕರಾಗಿದ್ದೇವೆ. ಅಂದು ಬೋಳಿಸಿದ ಜಾಗದಲ್ಲಿ ಇಬ್ಬರಿಗೂ ಮತ್ತೆ ಕೂದಲು ಮೊಳೆತೇ ಇಲ್ಲ.