ಬುಧವಾರ ಹೇಳದ ಮಾತು

“ಅಜ್ಜಿ! ಅಜ್ಜಿ, ಏನಾಯ್ತು?”

ಮುಂದೆ ಮುಂದೆ ನಡೆಯುತ್ತಿದ್ದ ಸಹನಾ ಬ್ಯಾಗನ್ನು ರಸ್ತೆಯಲ್ಲೇ ಬಿಸಾಕಿ ಹಿಂದಕ್ಕೆ ಓಡಿಬಂದಳು. ಅವಳನ್ನು ಸ್ಕೂಲಿನಿಂದ ಕರೆದುಕೊಂಡು ಬರುತ್ತಿದ್ದ ಬಸಮ್ಮಜ್ಜಿ ಬೇವಿನ ಮರ ಹಿಡಿದುಕೊಂಡವಳು ಹಾಗೇ ಕುಸಿದಿದ್ದಳು. ಕರೆದರೆ ಮಾತಿಲ್ಲ.

ಸ್ವಲ್ಪ ಹೊತ್ತಿಗೇ ಅಜ್ಜಿ ಕಣ್ಣು ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಏನಿಲ್ಲ ಕಣವ್ವ. ಕಣ್ಣು ಕತ್ಲೆ ಬಂತು ಅಷ್ಟೆ. ಮನೇಲಿ ಹೇಳ್ಬ್ಯಾಡ. ನಿಮ್ಮಪ್ಪ ಗಾಬರಿ ಬೀಳ್ತಾನೆ. ಭಾನುವಾರ ಡ್ಯಾಮಿಗೆ ಹೋಗಾದೂ ತಪ್ಪೋಗ್ತೈತೆ.”

ಮಾರಿಕಣಿವೆ ಡ್ಯಾಮ್ ತುಂಬಿ ಕೋಡಿ ಹರಿಯುತ್ತಿತ್ತು. ಹಿರಿಯೂರಿನ ಮಂದಿಯೆಲ್ಲ ಹೋಗಿ ನೋಡಿಬಂದಿದ್ದರು. ಐದನೇ ಕ್ಲಾಸಿನಲ್ಲಿ ಇನ್ನೂ ನೋಡದವಳು ಸಹನಾ ಒಬ್ಬಳೇ.

ಅವತ್ತು ಬುಧವಾರ. ಊಟಕ್ಕೆ ಕುಳಿತಾಗ ಮಾತು ನಾಲಿಗೆ ತುದಿಗೆ ಬಂತು. ಡ್ಯಾಮ್ ನೆನಪಾಯಿತು. ಸಹನಾ ಸುಮ್ಮನಾದಳು.

ಭಾನುವಾರ ಬೆಳಗ್ಗೆ ಬುತ್ತಿಗೆಂದು ಚಿತ್ರಾನ್ನ ಕಲೆಸುತ್ತಿದ್ದ ಅಜ್ಜಿ ಅಡುಗೆಮನೆಯಲ್ಲಿ ಧೊಪ್ಪನೆ ಬಿದ್ದಳು. ಬಲಗೈ ಮೈಯಡಿ ಸಿಕ್ಕಿ ಮಣಿಕಟ್ಟು ಮುರಿಯಿತು. ಊರಿನ ಡಾಕ್ಟರು ನಾಡಿ ಹಿಡಿದು ನೋಡಿದವರೇ, “ತಡ ಮಾಡ್ಬ್ಯಾಡ್ರಿ, ದುರ್ಗಕ್ಕೆ ಕರ್ಕೊಂಡು ಹೋಗ್ರಿ” ಎಂದರು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ಯಶೋಧಾ ಉದ್ದನೆಯ ಇಸಿಜಿ ಕಾಗದ ಹಿಡಿದು ಹೊರಬಂದರು.

“ಈ ಮೊದಲು ಹೀಗೆ ಬಿದ್ದಿದ್ರಾ?”

“ಇಲ್ಲ ಮೇಡಂ, ಇದೇ ಮೊದ್ಲು” ಎಂದ ಅಪ್ಪ.

ಸಹನಾ ಅಪ್ಪನ ಅಂಗಿಯ ತುದಿ ಹಿಡಿದು ಎಳೆದಳು. “ಬಿದ್ದಿದ್ಲು… ಬುಧವಾರ. ನಾನು ಹೇಳ್ಲಿಲ್ಲ.”

ಅಪ್ಪ ತಿರುಗಿ ನೋಡಿದ. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಡಾಕ್ಟರು ಅವಳ ಪಕ್ಕದಲ್ಲಿ ಕುಳಿತು, ಒಂದು ಚೀಟಿಯ ಮೇಲೆ ಹೃದಯದ ಚಿತ್ರ ಬರೆದರು.

“ನೋಡು ಪುಟ್ಟಿ, ಹಾರ್ಟ್‌ನಲ್ಲೇ ಸಣ್ಣ ಕರೆಂಟ್ ಹುಟ್ಟುತ್ತೆ. ಇಲ್ಲಿ, ಮೇಲಿನ ಕೋಣೆಯಲ್ಲಿ. ಅದು ಕೆಳಗಿನ ಕೋಣೆಗಳಿಗೆ ಇಳಿದಾಗ ಅವು ಹಿಂಡ್ಕೊಂಡು ರಕ್ತ ತಳ್ಳುತ್ವೆ. ನಿಮ್ಮಜ್ಜಿಗೆ ಕರೆಂಟ್ ಹುಟ್ಟುತ್ತೆ, ಆದ್ರೆ ಇಳಿಯೋ ದಾರಿ ಕೆಟ್ಟಿದೆ. ನಿಮಿಷಕ್ಕೆ ಎಪ್ಪತ್ತು ಸಲ ಬಡಿಯೋ ಕಡೆ ಮೂವತ್ತೇ ಸಲ ಬಡೀತಿದೆ. ಒಂದೊಂದ್ಸಲ ಏಳೆಂಟು ಸೆಕೆಂಡ್ ಬಡಿಯೋದೇ ಇಲ್ಲ. ಆಗ ತಲೆಗೆ ರಕ್ತ ಸಾಲದೆ ಬೀಳ್ತಾರೆ.”

“ಸರಿ ಮಾಡೋಕಾಗಲ್ವಾ?”

“ಪೇಸ್‌ಮೇಕರ್ ಹಾಕ್ತೀವಿ. ಬೆಂಕಿಪೊಟ್ಟಣದಷ್ಟು ಇರುತ್ತೆ. ಎದೆ ಮೇಲ್ಗಡೆ, ಚರ್ಮದ ಕೆಳಗೆ ಇಡ್ತೀವಿ. ಅದರ ವೈರು ರಕ್ತನಾಳದೊಳಗಿಂದ ಹಾರ್ಟಿಗೆ ಹೋಗುತ್ತೆ. ಬಡಿತ ಬಂದ್ರೆ ಸುಮ್ನಿರುತ್ತೆ. ಬರದಿದ್ರೆ ತಾನೇ ಸ್ವಲ್ಪ ಕರೆಂಟ್ ಕೊಟ್ಟು ಬಡಿಯೋ ಹಾಗೆ ಮಾಡುತ್ತೆ.”

ಸಹನಾ ಚಿತ್ರವನ್ನೇ ನೋಡುತ್ತಿದ್ದಳು.

“ಬುಧವಾರಾನೇ ಹೇಳಿದ್ರೆ ಅಜ್ಜಿ ಕೈ ಮುರೀತಿರ್ಲಿಲ್ವಾ?”

ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿದರು.

“ಮುರೀತಿರ್ಲಿಲ್ಲ ಅನ್ಸುತ್ತೆ” ಎಂದರು ಮೆಲ್ಲಗೆ. “ಆದ್ರೆ ಈಗ ಹೇಳಿದ್ಯಲ್ಲ, ಅದೂ ನಮಗೆ ಬೇಕಾಗಿತ್ತು.”

ಒಂದು ವಾರದ ಮೇಲೆ ಅಜ್ಜಿ ಮನೆಗೆ ಬಂದಳು. ಈಗ ತಲೆಸುತ್ತಿಲ್ಲ, ಕಣ್ಣು ಕತ್ತಲೆ ಬರುವುದಿಲ್ಲ. ಆದರೆ ಎಡಗಡೆ ಪೇಸ್‌ಮೇಕರ್ ಇಟ್ಟಿದ್ದರಿಂದ ಕೆಲವು ವಾರ ಎಡಗೈ ಮೇಲೆತ್ತುವಂತಿಲ್ಲ, ಬಲಗೈಗೆ ಪ್ಲಾಸ್ಟರ್. ತಲೆ ಬಾಚಿಕೊಳ್ಳಲೂ ಯಾರಾದರೂ ಬೇಕು.

ಸಹನಾ ತಟ್ಟೆ ಹಿಡಿದು ಅವಳ ಪಕ್ಕ ಕುಳಿತಳು.

“ಡ್ಯಾಮ್ ನೋಡೋ ಆಸೆಗೆ ಸುಮ್ನಿದ್ದೆ ಅಜ್ಜಿ.”

“ಹೇಳ್ಬ್ಯಾಡ ಅಂದೋಳು ನಾನೇ ಅಲ್ವೇನೆ?”

ಅದೂ ನಿಜವೇ. ಆದರೂ ಸಹನಾಳಿಗೆ ಸಮಾಧಾನವಾಗಲಿಲ್ಲ. ಪ್ಲಾಸ್ಟರಿನಿಂದ ಹೊರಗೆ ಕಾಣುತ್ತಿದ್ದ ಬೆರಳುಗಳು ಇನ್ನೂ ಊದಿಕೊಂಡಿದ್ದವು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ಅಜ್ಜಿಯ ಬಾಯಿಗಿಟ್ಟಳು. ನುಂಗುವಾಗ ಅಜ್ಜಿಯ ಕಣ್ಣಲ್ಲಿ ನೀರು ಬಂತು.

“ದೊಡ್ಡದಾಯ್ತಾ?”

“ಇರ್ಲಿ, ತಿಂತೀನಿ. ಕೊಡು.”

ಸಹನಾ ಕೊಡಲಿಲ್ಲ. ಕೈಯಲ್ಲಿದ್ದ ತುತ್ತನ್ನು ಮುರಿದು ಎರಡು ಮಾಡಿದಳು. ಅಜ್ಜಿ ಪೂರ್ತಿ ನುಂಗುವವರೆಗೆ ಅವಳ ಮುಖವನ್ನೇ ನೋಡುತ್ತಾ ಕಾದಳು.