ಇಪ್ಪತ್ತನಾಲ್ಕು ದಿಂಬಿನ ಕವರು

“ಹಾಗಾದ್ರೆ ಪ್ರಜ್ಞೆ ಇಲ್ದೇ ಮಲಗಿರೋರ ಗತಿ ಏನು, ಟೀಚರ್?”

ಮೊಳೆ ಎದ್ದು ನಿಂತಿದ್ದಳು. ಪ್ರಾರ್ಥನೆ ತರಗತಿಯ ಉಳಿದ ಮಕ್ಕಳು ಗಡಿಯಾರ ನೋಡಿದರು. ಮೊಳೆ ಎದ್ದು ನಿಂತ ಭಾನುವಾರ ತರಗತಿ ಹೊತ್ತಿಗೆ ಸರಿಯಾಗಿ ಬಿಟ್ಟದ್ದೇ ಇಲ್ಲ.

ಅವಳಿಗೆ ಬೇರೆ ಹೆಸರಿತ್ತು. ಆದರೆ ತೆಳ್ಳಗಿದ್ದಳು, ಒಂದು ಕಡೆ ನಾಟಿಕೊಂಡರೆ ಕೀಳಲು ಆಗುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಮೊಳೆ ಎನ್ನುತ್ತಿದ್ದರು.

ಟೀಚರು ಹದಿನೇಳನೇ ಪುಟವನ್ನು ಇನ್ನೊಮ್ಮೆ ನೋಡಿದರು. ‘ಪ್ರಾರ್ಥಿಸದವರ ಕಡೆ ದೇವರು ನೋಡುವುದಿಲ್ಲ’ ಎಂದು ಅಚ್ಚಾಗಿತ್ತು.

“ಅವ್ರ ಪರವಾಗಿ ಬೇರೆಯವ್ರು ಪ್ರಾರ್ಥನೆ ಮಾಡ್ಬೋದು” ಎಂದರು.

“ಅವ್ರು ಯಾರು ಅಂತ ಗೊತ್ತಿಲ್ದೇ ಇದ್ರೂ?”

“ಹೆಸರು ಹೇಳಿ ಮಾಡ್ಬೇಕು. ವಿಳಾಸ ಇಲ್ದಿರೋ ಪತ್ರ ಎಲ್ಲಿಗೆ ಹೋಗುತ್ತೆ ಹೇಳು?”

ಟೀಚರು ವಾರದ ಉಳಿದ ಆರು ದಿನ ಅಂಚೆ ಕಚೇರಿಯಲ್ಲಿ ಸೀಲು ಹೊಡೆಯುತ್ತಿದ್ದರು. ಅಂಥ ಪತ್ರ ಎಲ್ಲಿಗೆ ಹೋಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ದೇವರಿಗೆ ಎಲ್ಲಾ ಗೊತ್ತು ಅಂತ ಹೋದ ವಾರ ನೀವೇ ಹೇಳಿದ್ರಿ, ಟೀಚರ್. ಹದಿನಾಲ್ಕನೇ ಪುಟ.”

ಟೀಚರು ಹದಿನಾಲ್ಕನೇ ಪುಟ ತೆಗೆಯಲಿಲ್ಲ. ಮೊಳೆಯ ಕಾರ್ಡು ತೆಗೆದರು. ಪ್ರತಿಯೊಬ್ಬರಿಗೂ ಅಂಥದ್ದೊಂದು ಕಾರ್ಡಿತ್ತು. ಸ್ನಾನ ಮಾಡಿ, ಕೂತು, ಕಣ್ಣು ಮುಚ್ಚಿ, ಪುಸ್ತಕದ ಪ್ರಾರ್ಥನೆಯನ್ನು ಒಂದೂ ಪದ ಬಿಡದೆ ಹೇಳಿದ ದಿನ ಒಂದು ಟಿಕ್, ವಾರದ ಕೊನೆಗೆ ಕೆಳಗೆ ಮನೆಯವರ ಸೈನು. ಮೊಳೆಯ ಕಾರ್ಡು ಅಂಗಡಿಯಿಂದ ತಂದ ಹಾಗೇ ಇತ್ತು.

“ಒಂದು ದಿನಾನೂ ಮಾಡಿಲ್ವೇನೇ?”

“ದಿನಾ ಮಾಡ್ತೀನಿ ಟೀಚರ್. ಕೂತ್ಕೊಂಡು ಮಾಡಲ್ಲ.”

“ಹಾಗಂದ್ರೆ ಮಾಡಿಲ್ಲ ಅಂತ. ಈ ವಾರನೂ ಕಾರ್ಡ್ ಖಾಲಿ ಇದ್ರೆ ನೀನು ಚಿಕ್ಕವರ ಸಾಲಲ್ಲಿ ಕೂತ್ಕೊ.”

ಚಿಕ್ಕವರ ಸಾಲು ಎಂದರೆ ಐದು ವರ್ಷದವರು. ಅಲ್ಲಿ ಬೆಂಚು ಎಷ್ಟು ಗಿಡ್ಡ ಎಂದರೆ ಮೊಳೆ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಅದನ್ನಾದರೂ ಸಹಿಸಬಹುದು. ಆದರೆ ಹಾಡು ಹೇಳಿಕೊಡುತ್ತಿದ್ದುದು ದೊಡ್ಡವರಿಗೆ ಮಾತ್ರ. ಚಿಕ್ಕವರು ಆಗ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದರು. ಮೊಳೆಗೆ ಹಾಡೆಂದರೆ ಪ್ರಾಣ.

ಮೊಳೆಯ ಅಮ್ಮನದು ಲಾಂಡ್ರಿ ಅಂಗಡಿ. ದಿನಾ ಬೆಳಗ್ಗೆ ಆಸ್ಪತ್ರೆಗೆ ಇಪ್ಪತ್ತನಾಲ್ಕು ದಿಂಬಿನ ಕವರು ಹೋಗುತ್ತಿತ್ತು. ಅಮ್ಮ ಇಸ್ತ್ರಿ ಮಾಡಿ ಮೇಜಿನ ಮೇಲೆ ಎಸೆಯುತ್ತಿದ್ದಳು. ಮೊಳೆ ನಾಲ್ಕು ಮಡಿಕೆ ಮಾಡಿ ಜೋಡಿಸುತ್ತಿದ್ದಳು. ಮೂಲೆಯಲ್ಲಿ ಅಚ್ಚೊತ್ತಿದ ನಂಬರು ಮೇಲೆ ಕಾಣಬೇಕು, ಇಲ್ಲದಿದ್ದರೆ ವ್ಯಾನ್ ಡ್ರೈವರ್ ಮುಖ ಸಿಂಡರಿಸುತ್ತಿದ್ದ.

ಒಂದೊಂದು ಕವರು ಮಡಿಚುವಾಗಲೂ ಮೊಳೆ ದೇವರಿಗೆ ಒಂದೊಂದು ಮಾತು ಹೇಳುತ್ತಿದ್ದಳು.

“ಈ ತಲೆಗೆ ಇವತ್ತು ಜ್ವರ ಇಳೀಲಿ. ಈ ತಲೇನ ನೋಡೋಕೆ ಯಾರಾದ್ರೂ ಬರ್ಲಿ. ಈ ತಲೆ ಪಕ್ಕದ ಬೆಡ್‌ನೋರು ಗೊರಕೆ ಹೊಡೀದೇ ಇರ್ಲಿ.”

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮಡಿಚುತ್ತಾ ಮಡಿಚುತ್ತಾ ತಾನಾಗಿ ಬಂದಿತ್ತು. ಇಪ್ಪತ್ತನಾಲ್ಕು ಮುಗಿಯುವಷ್ಟರಲ್ಲಿ ಅವಳ ಮನಸ್ಸು ಹಗುರವಾಗಿರುತ್ತಿತ್ತು.

ಸೋಮವಾರ ಮೊಳೆ ಕಾರ್ಡಿನ ಪ್ರಕಾರ ನಡೆಯಲು ತೀರ್ಮಾನಿಸಿದಳು. ಸ್ನಾನ ಆಯಿತು. ಸ್ಟೂಲಿನ ಮೇಲೆ ಕೂತಳು. ಕಣ್ಣು ಮುಚ್ಚಿದಳು. ಆದರೆ ಕವರು ಮಡಿಚುವವರು ಬೇರೆ ಯಾರೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಮಡಿಚಿದಳು, ಪುಸ್ತಕದ ಪ್ರಾರ್ಥನೆಯನ್ನು ಒಂದೂ ಪದ ಬಿಡದೆ ಹೇಳಿದಳು.

ಡ್ರೈವರ್ ಬಂದು ಕಟ್ಟು ನೋಡಿದ. ಇಪ್ಪತ್ತನಾಲ್ಕರಲ್ಲಿ ಒಂದರದ್ದೂ ನಂಬರು ಕಾಣಿಸುತ್ತಿರಲಿಲ್ಲ.

“ಏನಮ್ಮಾ ಇದು, ಕಣ್ಣು ಮುಚ್ಕೊಂಡು ಮಡಿಚಿದ್ಯಾ?”

“ಹೌದು ಅಂಕಲ್” ಎಂದಳು ಮೊಳೆ.

ಅಮ್ಮನೂ ಬಂದು ಮೂವರೂ ಸೇರಿ ಎಲ್ಲ ಬಿಚ್ಚಿ ಮಡಿಚಿದರು. ಆತುರದಲ್ಲಿ ಯಾವ ತಲೆಗೂ ಏನೂ ಹೇಳಲಾಗಲಿಲ್ಲ. ವ್ಯಾನ್ ಹೊರಟುಹೋಯಿತು. ಸ್ಕೂಲಿನಲ್ಲಿ ಇಡೀ ದಿನ ಮೊಳೆಗೆ ಸಂಕಟ. ಕಾರ್ಡಿನಲ್ಲಿ ಟಿಕ್ ಹಾಕಬಹುದಿತ್ತು. ಆದರೆ ಅವತ್ತು ಪ್ರಾರ್ಥನೆ ಮಾಡಿದ ಹಾಗೇ ಅನಿಸಲಿಲ್ಲ.

ಮಂಗಳವಾರದಿಂದ ಮತ್ತೆ ನಿಂತುಕೊಂಡು, ಕಣ್ಣು ತೆರೆದುಕೊಂಡು, ತನ್ನ ಮಾತನ್ನೇ ಹೇಳಿದಳು.

ಶನಿವಾರ ಸಂಜೆ ಅಮ್ಮನ ಮುಂದೆ ಕಾರ್ಡು ಹಿಡಿದಳು. “ಅಮ್ಮಾ, ಎಲ್ರೂ ಭಾನುವಾರ ಬೆಳಗ್ಗೆ ಒಟ್ಟಿಗೆ ಎಲ್ಲಾ ಟಿಕ್ಕೂ ಹಾಕ್ಕೊಂಡು ಬರ್ತಾರೆ. ನಾನೂ ಹಾಕ್ಲಾ?”

“ಹಾಕು. ನಾನು ಸೈನ್ ಮಾಡಲ್ಲ ಅಷ್ಟೇ.”

“ನಾನು ಮಾಡೋದು ಪ್ರಾರ್ಥನೆ ಹೌದೋ ಅಲ್ವೋ?”

ಅಮ್ಮ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದಳು. “ನಂಗೆ ಬಟ್ಟೆ ವಿಷ್ಯ ಕೇಳು, ಹೇಳ್ತೀನಿ. ಇದು ನಂಗೆ ಗೊತ್ತಿಲ್ಲ ಕಣೇ. ನೀನು ಮಾಡಿದ್ದನ್ನೇ ಬರಿ. ಅದಕ್ಕೆ ಬೇಕಾದ್ರೆ ಸೈನ್ ಮಾಡ್ತೀನಿ.”

ಭಾನುವಾರ ಟೀಚರು ಮೊಳೆಯ ಕಾರ್ಡನ್ನು ಬಹಳ ಹೊತ್ತು ಓದಿದರು. ‘ಸೋಮವಾರ: ಪುಸ್ತಕದ ಪ್ರಾರ್ಥನೆ. ಕಣ್ಣು ಮುಚ್ಚಿ. ಸರಿಯಾಗಲಿಲ್ಲ. ಮಂಗಳವಾರ: ಇಪ್ಪತ್ತನಾಲ್ಕು ತಲೆಗೆ. ನಿಂತುಕೊಂಡು. ಬುಧವಾರ: ಇಪ್ಪತ್ತನಾಲ್ಕು ತಲೆಗೆ. ಸ್ನಾನ ಆಗಿರಲಿಲ್ಲ.’ ಹೀಗೆ ಶನಿವಾರದ ತನಕ. ಕೆಳಗೆ ಅಮ್ಮನ ಸೈನು.

“ಟಿಕ್ ಇಲ್ವಲ್ಲ” ಎಂದರು ಟೀಚರು. ಅವರ ದನಿಯಲ್ಲಿ ಕೋಪವಿರಲಿಲ್ಲ. “ನಿಯಮ ಎಲ್ರಿಗೂ ಒಂದೇ ಕಣಮ್ಮ.”

ಮೊಳೆ ಚೀಲ ಎತ್ತಿಕೊಂಡು ಚಿಕ್ಕವರ ಸಾಲಿಗೆ ಹೋಗಿ ಕೂತಳು. ದೊಡ್ಡವರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳು ಹಸಿರು ಕ್ರೇಯಾನ್ ತೆಗೆದುಕೊಂಡು ಎಲೆಗೆ ಬಣ್ಣ ತುಂಬತೊಡಗಿದಳು.

ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗಿ ಮೂಗು ಸುರಿಸಿಕೊಂಡು ಕೂತಿದ್ದಳು. ಅವಳು ಮೊಳೆಯ ತೋಳು ಎಳೆದಳು.

“ಅಕ್ಕಾ, ನಾನಿವತ್ತು ಮುಖ ತೊಳ್ದಿಲ್ಲ. ದೇವ್ರಿಗೆ ನನ್ನ ಮಾತು ಕೇಳ್ಸುತ್ತಾ?”

ಮೊಳೆ ತಲೆ ಎತ್ತಿದಳು. ಟೀಚರು ಎರಡೇ ಹೆಜ್ಜೆ ದೂರದಲ್ಲಿದ್ದರು. ಅವರಿಗೂ ಕೇಳಿಸಿತ್ತು. ಉತ್ತರ ಹೇಳಬೇಕಾದವರು ಅವರು. ಆದರೆ ಅವರು ಮೊಳೆಯ ಮುಖವನ್ನೇ ನೋಡುತ್ತಿದ್ದರು.

ಮೊಳೆ ಯೋಚಿಸಿದಳು. ಇಷ್ಟು ದಿನ ಕೇಳಿದ್ದ ಒಂದು ಪ್ರಶ್ನೆಗೂ ಅವಳಿಗೆ ಉತ್ತರ ಸಿಕ್ಕಿರಲಿಲ್ಲ. ಹಾಗಂತ ಒಂದು ಬೆಳಗ್ಗೆಯೂ ಅವಳು ಉತ್ತರಕ್ಕೆ ಕಾಯುತ್ತಾ ಕೂತಿರಲಿಲ್ಲ.

“ಗೊತ್ತಿಲ್ಲ ಪುಟ್ಟಿ” ಎಂದಳು. “ನಾನಂತೂ ದಿನಾ ಹೇಳ್ತೀನಿ.”

ಪುಟ್ಟ ಹುಡುಗಿ ತೋಳಿನಿಂದ ಮೂಗು ಒರೆಸಿಕೊಂಡಳು.

“ನಮ್ಮ ಬೀದಿ ನಾಯಿ ಕಾಲು ವಾಸಿಯಾಗ್ಲಿ” ಎಂದಳು. ಆಮೇಲೆ ಅನುಮಾನದಿಂದ ಟೀಚರ ಕಡೆ ನೋಡಿದಳು.

“ಯಾವ ಕಾಲು?” ಎಂದು ಕೇಳಿದರು ಟೀಚರು.